ಜ್ವರದ ವೈರಸ್ ಪತ್ತೆಗೆ ಕಾರ್ಡ್, ಎಲೈಸಾ, ಸೆನ್ಸರ್: ಯಾರಿಗೆ ಯಾವುದು?

ಮುಂಗಾರು ಹಿಡಿದು ಡೆಂಗಿ ಶುರುವಾಯಿತು ಅನ್ನುವಷ್ಟರಲ್ಲಿ ಮೂರು ಬಗೆಯ ಜನ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಮಗುವಿಗೆ ಜ್ವರ ಬಂದವರದ್ದು: "ಕಾರ್ಡ್ ಟೆಸ್ಟ್ ಸಾಕಾ, ಎಲೈಸಾನೇ ಮಾಡಿಸಬೇಕಾ?" ತಾಲ್ಲೂಕು ಕೇಂದ್ರದಲ್ಲಿ ಸಣ್ಣ ಲ್ಯಾಬ್ ನಡೆಸುವವರದ್ದು: "ಕಾರ್ಡಿನಲ್ಲೇ ಕಾಲ ಹಾಕಲಾ, ಸಾಲ ಮಾಡಿ ಎಲೈಸಾ ರೀಡರ್ ತರಲಾ?" ಎಂಎಸ್ಸಿ, ಬಿಇ ಕೊನೆಯ ವರ್ಷದ ಹುಡುಗರದ್ದು: "ಪ್ರಾಜೆಕ್ಟಿಗೆ ಗ್ರಾಫೀನ್ ಹಿಡಿಯೋದಾ, ಸಾದಾ ಎಲೆಕ್ಟ್ರೋಡ್ ಹಿಡಿಯೋದಾ?" ಮಲೆನಾಡಿನ ಕಡೆಯಿಂದ ನಾಲ್ಕನೆಯ ಪ್ರಶ್ನೆಯೂ ಬರುತ್ತದೆ. ಅಲ್ಲಿ ಜ್ವರ ಅಂದರೆ ಡೆಂಗಿಯೊಂದೇ ಅಲ್ಲ, ಮಂಗನ ಕಾಯಿಲೆಯ ಭಯವೂ ಇದೆ. ಕಾರ್ಡ್ ಅಂದರೆ ಕಣ್ಣಲ್ಲೇ ಓದುವ ಪಟ್ಟಿ, ಎಲೈಸಾ ಅಂದರೆ ಲ್ಯಾಬಿನ ಪ್ಲೇಟಿನಲ್ಲಿ ಬಣ್ಣ ಅಳೆಯುವ ಪರೀಕ್ಷೆ, ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ.

ಇವೆಲ್ಲದರ ಬುಡದಲ್ಲಿ ಇರುವ ಸರಕು ಒಂದೇ, ಪ್ರತಿಕಾಯ. ವೈರಸ್ಸಿನ ಯಾವುದೋ ಒಂದು ಭಾಗವನ್ನು ಮಾತ್ರ ಗುರುತು ಹಿಡಿದು ಅಂಟಿಕೊಳ್ಳುವ ವೈ ಆಕಾರದ ಪ್ರೋಟೀನು ಅದು. ಒಂದೇ ಜಾತಿಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ತೋರಿಸಿಕೊಟ್ಟರು. 1984ರಲ್ಲಿ ಅದಕ್ಕೆ ನೊಬೆಲ್ ಬಂತು. ಆ ಕೆಲಸ ಆಗದಿದ್ದರೆ ಇವತ್ತು ಔಷಧಿ ಅಂಗಡಿಯಲ್ಲಿ ಸಿಗುವ ಯಾವ ಕಾರ್ಡೂ ಇರುತ್ತಿರಲಿಲ್ಲ. ಬಯೋಸೆನ್ಸರ್ ಅಂದರೆ ಈ ಪ್ರತಿಕಾಯ ಜೊತೆಗೊಂದು ಸಲಕರಣೆ, ಅಷ್ಟೆ. ಅಂಟಿಕೊಂಡದ್ದನ್ನು ಆ ಸಲಕರಣೆ ಬಣ್ಣವಾಗಿಯೋ, ಬೆಳಕಾಗಿಯೋ, ವಿದ್ಯುತ್ತಾಗಿಯೋ ನಮಗೆ ಕಾಣಿಸುತ್ತದೆ.

ಮುಂದೆ ಹೋಗುವ ಮೊದಲು ಒಂದು ವ್ಯತ್ಯಾಸ ತಲೆಯಲ್ಲಿರಲಿ. ಪ್ರತಿಕಾಯ ಬಳಸುವ ಪರೀಕ್ಷೆಗಳಲ್ಲಿ ಎರಡು ಜಾತಿ. ಒಂದು, ಲ್ಯಾಬಿನಲ್ಲಿ ತಯಾರಿಸಿದ ಪ್ರತಿಕಾಯದಿಂದ ವೈರಸ್ಸಿನ ತುಣುಕನ್ನೇ ಹಿಡಿಯುವುದು. ಡೆಂಗಿಯಲ್ಲಿ ಆ ತುಣುಕು ಎನ್‌ಎಸ್‌1 ಎಂಬ ಪ್ರೋಟೀನು. ಇನ್ನೊಂದು, ರೋಗಿಯ ದೇಹವೇ ತಯಾರಿಸಿಕೊಂಡ ಐಜಿಎಂ (ಸೋಂಕಾದಾಗ ಮೊದಲು ಹುಟ್ಟುವುದು), ಐಜಿಜಿ (ಆಮೇಲೆ ಹುಟ್ಟಿ ಬಹುಕಾಲ ಉಳಿಯುವುದು) ಪ್ರತಿಕಾಯಗಳನ್ನು ಹುಡುಕುವುದು. ಮೊದಲನೆಯದು ಜ್ವರದ ಆರಂಭದ ದಿನಗಳಿಗೆ, ಎರಡನೆಯದು ಆಮೇಲಿನ ದಿನಗಳಿಗೆ. ಮಾರುವವರು ಎರಡಕ್ಕೂ "ಡೆಂಗಿ ಕಾರ್ಡ್" ಅಂತಲೇ ಹೇಳುತ್ತಾರೆ. ಡಬ್ಬಿಯ ಮೇಲೆ ಏನು ಮುದ್ರಿಸಿದೆ ಎಂದು ಓದಿ ನೋಡುವುದು ಕೊಳ್ಳುವವರ ಕೆಲಸ.

ಮೊದಲು ಅಳತೆಗೋಲು

ಸಾಮಾನ್ಯವಾಗಿ ಕಂಪನಿಯವರ ಬ್ರೋಷರ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು "ಇಷ್ಟು ಪಿಕೋಗ್ರಾಂ ಇದ್ದರೂ ಹಿಡಿಯುತ್ತದೆ" ಎಂಬ ಅಂಕಿ (ಪಿಕೋಗ್ರಾಂ ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲೊಂದು ಪಾಲು). ನನ್ನ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಸ್ಥಾನ. ಕಾರಣ ಮುಂದೆ ಹೇಳುತ್ತೇನೆ.

ಮೊದಲ ಸ್ಥಾನ ಜ್ವರದ ದಿನಕ್ಕೆ. ಡೆಂಗಿಯಲ್ಲಿ ಎನ್‌ಎಸ್‌1 ಜ್ವರ ಬಂದ ಮೊದಲ ದಿನದಿಂದಲೇ ರಕ್ತದಲ್ಲಿ ಸಿಗುತ್ತದೆ, ಐದನೆಯ ದಿನ ಕಳೆದ ಮೇಲೆ ಇಳಿಮುಖ. ಐಜಿಎಂ ಕಾಣಿಸಿಕೊಳ್ಳುವುದೇ ನಾಲ್ಕೈದನೆಯ ದಿನದ ಹೊತ್ತಿಗೆ. ಎರಡನೆಯ ದಿನ ಐಜಿಎಂ ನೋಡಿ "ಡೆಂಗಿ ಇಲ್ಲ" ಎನ್ನುವುದು, ಎಂಟನೆಯ ದಿನ ಎನ್‌ಎಸ್‌1 ನೋಡಿ "ಇಲ್ಲ" ಎನ್ನುವುದು, ಎರಡೂ ದುಡ್ಡು ದಂಡ. ಎಷ್ಟು ದುಬಾರಿ ಯಂತ್ರ ತಂದರೂ ಇದು ಬದಲಾಗುವುದಿಲ್ಲ.

ಎರಡನೆಯದು, ಪಾಸಿಟಿವ್ ಅಥವಾ ನೆಗೆಟಿವ್ ಬಂದ ಮೇಲೆ ಏನು ಮಾಡುತ್ತೀರಿ ಎಂಬುದು. ಹಿಂದೆ ದೃಢೀಕರಣದ ಪರೀಕ್ಷೆ ಇದೆಯೇ? ಇದ್ದರೆ ಮುಂದಿನ ಸಾಲಿನ ಪರೀಕ್ಷೆ ಸ್ವಲ್ಪ ದುರ್ಬಲವಾಗಿದ್ದರೂ ನಡೆಯುತ್ತದೆ. 2020ರ ಜೂನ್‌ನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೋವಿಡ್‌ಗೆ ಮೊದಲ ರ‍್ಯಾಪಿಡ್ ಆ್ಯಂಟಿಜೆನ್ ಕಾರ್ಡ್ ಒಪ್ಪಿಕೊಂಡಾಗ ಮಾಡಿದ್ದು ಇದನ್ನೇ. ಆ ಕಾರ್ಡಿನ ಸಂವೇದನೆ, ಅಂದರೆ ಸೋಂಕಿತರನ್ನು ಹಿಡಿಯುವ ಪ್ರಮಾಣ, ಅವರದೇ ಮೌಲ್ಯಮಾಪನದಲ್ಲಿ ಶೇ 50.6ರಿಂದ 84. ಅಂದರೆ ಕೆಲವು ಕಡೆ ಸೋಂಕಿತರಲ್ಲಿ ಅರ್ಧದಷ್ಟು ಜನ ತಪ್ಪಿಸಿಕೊಂಡಿದ್ದರು. ಆದರೆ ನಿರ್ದಿಷ್ಟತೆ, ಅಂದರೆ ಸೋಂಕಿಲ್ಲದವರನ್ನು ಇಲ್ಲವೆಂದೇ ಹೇಳುವ ಪ್ರಮಾಣ, ಶೇ 99.3ರಿಂದ 100. ಆದ್ದರಿಂದ ಪಾಸಿಟಿವ್ ಬಂದರೆ ನಂಬಿ, ಲಕ್ಷಣ ಇದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಿ ಎಂಬ ನಿಯಮದೊಂದಿಗೆ ಬಿಟ್ಟರು. ಕಾರ್ಡ್ ದುರ್ಬಲವಾಗಿತ್ತು, ವ್ಯವಸ್ಥೆ ಸರಿಯಾಗಿತ್ತು.

ಮೂರನೆಯದು ಯಾರ ಮೇಲೆ ಪರೀಕ್ಷೆ ಮಾಡುತ್ತಿದ್ದೀರಿ ಎಂಬುದು. ಇದನ್ನು ಒಂದು ಊಹೆಯ ಲೆಕ್ಕದಲ್ಲಿ ನೋಡೋಣ. ಒಂದು ಕಾರ್ಡ್ ನೂರು ರೋಗಿಗಳಲ್ಲಿ 75 ಜನರನ್ನು ಹಿಡಿಯುತ್ತದೆ, ನೂರು ನಿರೋಗಿಗಳಲ್ಲಿ ಮೂವರಿಗೆ ಸುಳ್ಳು ಪಾಸಿಟಿವ್ ಕೊಡುತ್ತದೆ ಎಂದುಕೊಳ್ಳಿ. ಡೆಂಗಿ ಜೋರಾಗಿರುವ ಆಗಸ್ಟ್‌ನಲ್ಲಿ ಜ್ವರವೆಂದು ಬಂದ ನೂರು ಜನರಲ್ಲಿ 30 ಜನಕ್ಕೆ ನಿಜಕ್ಕೂ ಡೆಂಗಿ ಇದ್ದರೆ, ಕಾರ್ಡ್ ಸುಮಾರು 22 ಜನರನ್ನು ಸರಿಯಾಗಿ ಹಿಡಿಯುತ್ತದೆ, ಇಬ್ಬರಿಗೆ ಸುಳ್ಳು ಹೇಳುತ್ತದೆ. ಪರವಾಗಿಲ್ಲ. ಅದೇ ಕಾರ್ಡನ್ನು ಶಿಬಿರದಲ್ಲಿ ಜ್ವರವೇ ಇಲ್ಲದ ಸಾವಿರ ಜನಕ್ಕೆ ಹಾಕಿ, ಅವರಲ್ಲಿ ಐವರಿಗೆ ಮಾತ್ರ ಸೋಂಕಿದೆ ಎನ್ನಿ. ನಾಲ್ವರನ್ನು ಸರಿಯಾಗಿ ಹಿಡಿದು, ಸುಮಾರು ಮೂವತ್ತು ಜನರನ್ನು ಸುಮ್ಮಸುಮ್ಮನೆ ಹೆದರಿಸುತ್ತದೆ. ಕಾರ್ಡ್ ಬದಲಾಗಿಲ್ಲ, ಸಾಲಿನಲ್ಲಿ ನಿಂತವರು ಬದಲಾದರು. ಉಚಿತ ತಪಾಸಣಾ ಶಿಬಿರಕ್ಕೆ ಕಾರ್ಡ್ ಪ್ರಾಯೋಜಿಸಲು ಹೊರಟಿರುವ ಸಂಘಸಂಸ್ಥೆಗಳಿಗೆ ಈ ಮಾತು.

ಉಳಿದವು ಬೇಗ ಹೇಳಿ ಮುಗಿಸಬಹುದು: ಬೆರಳ ತುದಿಯ ಹನಿ ಸಾಕೋ ಸೀರಂ (ರಕ್ತಕಣ ತೆಗೆದ ತಿಳಿ) ಬೇರ್ಪಡಿಸಬೇಕೋ, ಕರೆಂಟ್ ಬೇಕೋ, ಎಷ್ಟು ತರಬೇತಿ ಬೇಕು, ಯಂತ್ರಕ್ಕೆ ಒಮ್ಮೆ ಸುರಿಯುವ ದುಡ್ಡೆಷ್ಟು, ಪ್ರತಿ ಪರೀಕ್ಷೆಗೆ ಬೀಳುವುದೆಷ್ಟು. ಆಮೇಲೆ, ಬೇಕಿದ್ದರೆ, ಆ ಪಿಕೋಗ್ರಾಂ.

ಕಾರ್ಡ್: ಇಪ್ಪತ್ತು ನಿಮಿಷದ ಉತ್ತರ

ಕಾರ್ಡನ್ನು ಹತ್ತಿರದಿಂದ ಒಮ್ಮೆ ನೋಡಿ. ಗುಂಡಿಯಲ್ಲಿ ಸೀರಂ ಹನಿ ಬೀಳುತ್ತದೆ, ಅದರ ಹಿಂದೆ ಬಫರ್, ಅಂದರೆ ಅದನ್ನು ಹರಿಸುವ ಉಪ್ಪುನೀರಿನಂಥ ದ್ರವ. ಒಳಗಿನ ಮೊದಲ ಪಟ್ಟಿಯಲ್ಲಿ ಚಿನ್ನದ ನ್ಯಾನೊಕಣಗಳಿಗೆ ಅಂಟಿಸಿದ ಪ್ರತಿಕಾಯ ಒಣಗಿ ಕೂತಿರುತ್ತದೆ. ಒದ್ದೆಯಾದ ತಕ್ಷಣ ಬಿಚ್ಚಿಕೊಂಡು ಹೊರಡುತ್ತದೆ. ಕಿಟಕಿಯಲ್ಲಿ ಮಸುಕು ಕೆಂಪು ಅಲೆಯೊಂದು ಬಿಳಿ ನೈಟ್ರೋಸೆಲ್ಯುಲೋಸ್ ಹಾಳೆಯ ಮೇಲೆ ನಿಧಾನಕ್ಕೆ ಏರುವುದು ಕಾಣುತ್ತದೆ. ಆ ಕೆಂಪು ಬಣ್ಣ ಚಿನ್ನದ್ದೇ. ಅಷ್ಟು ಸಣ್ಣ ಕಣವಾದಾಗ ಚಿನ್ನ ಹಳದಿಯಾಗಿ ಕಾಣುವುದಿಲ್ಲ. ಎನ್‌ಎಸ್‌1 ಇದ್ದರೆ ಚಿನ್ನದ ಕಣ ಅದನ್ನು ಹೊತ್ತುಕೊಂಡು ಬಂದು 'ಟಿ' ಗೆರೆಯಲ್ಲಿ ಕೂತಿರುವ ಎರಡನೆಯ ಪ್ರತಿಕಾಯಕ್ಕೆ ಸಿಕ್ಕಿಬೀಳುತ್ತದೆ, ಗೆರೆ ಮೂಡುತ್ತದೆ. ಉಳಿದವು ಮುಂದೆ ಹೋಗಿ 'ಸಿ' ಗೆರೆ ಬರೆಯುತ್ತವೆ.

'ಸಿ' ಗೆರೆ ಬಂತೆಂದರೆ ಎಲ್ಲ ಸರಿ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹೇಳುವುದು ಇಷ್ಟೇ: ದ್ರವ ಮೇಲೆ ಹರಿದಿದೆ, ಚಿನ್ನದ ಪ್ರತಿಕಾಯ ಇನ್ನೂ ಸತ್ತಿಲ್ಲ. ನೀವು ಹಾಕಿದ ಸೀರಂ ಸಾಕಷ್ಟಿತ್ತೇ, ಸರಿಯಾದ ದಿನದ್ದೇ ಎಂಬುದು ಅದಕ್ಕೆ ಗೊತ್ತಿಲ್ಲ. ಓದುವ ಹೊತ್ತೂ ಮುಖ್ಯ. ಹದಿನೈದು-ಇಪ್ಪತ್ತು ನಿಮಿಷ ಎಂದು ಬರೆದಿದ್ದರೆ ಅಷ್ಟೊತ್ತಿಗೇ ಓದಬೇಕು. ಊಟ ಮುಗಿಸಿ ಬಂದು ಒಂದು ಗಂಟೆಯ ಮೇಲೆ ನೋಡಿದರೆ ಹಾಳೆ ಒಣಗುವಾಗ ಮೂಡಿದ ಮಸುಕು ಗೆರೆ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಕಾರ್ಡಿನ ಗಟ್ಟಿತನ ಅದರ ಸರಳತೆ. ಓದಲು ಯಂತ್ರ ಬೇಡ, ಕರೆಂಟ್ ಬೇಡ, ಒಬ್ಬ ರೋಗಿ ಬಂದರೂ ಒಂದೇ ಕಾರ್ಡ್ ಒಡೆದರೆ ಆಯಿತು. ಕರ್ನಾಟಕ ಸರ್ಕಾರ 2024ರ ಜುಲೈನಲ್ಲಿ ಖಾಸಗಿಯವರಿಗೆ ದರ ಗೊತ್ತುಮಾಡಿದಾಗ ಕಾರ್ಡ್ ಟೆಸ್ಟಿಗೆ 250 ರೂಪಾಯಿ, ಎನ್‌ಎಸ್‌1 ಎಲೈಸಾಕ್ಕೆ 300, ಐಜಿಎಂ ಎಲೈಸಾಕ್ಕೆ 300 ಎಂದು ಮಿತಿ ಹಾಕಿತು. ಈ ಮೂರು ಅಂಕಿ ಪಕ್ಕಪಕ್ಕ ಇಟ್ಟು ನೋಡಿದರೆ ರೋಗಿಯ ಜೇಬಿಗೆ ಕಾರ್ಡಿನಿಂದ ಆಗುವ ಉಳಿತಾಯ ಐವತ್ತೇ ರೂಪಾಯಿ. ಉಳಿಯುವುದು ಸಮಯ.

ದೌರ್ಬಲ್ಯ ಎಲ್ಲಿ? ಡೆಂಗಿ ಎರಡನೆಯ ಸಲ ಬಂದವರಲ್ಲಿ. ಹಿಂದೊಮ್ಮೆ ಬಂದಿದ್ದರೆ ದೇಹದಲ್ಲಿ ಹಳೆಯ ಐಜಿಜಿ ಕಾದು ಕೂತಿರುತ್ತದೆ, ಹೊಸ ಎನ್‌ಎಸ್‌1 ಹುಟ್ಟಿದ ಹಾಗೆ ಅದನ್ನು ಮುತ್ತಿಕೊಳ್ಳುತ್ತದೆ. ಕಾರ್ಡಿನ ಪ್ರತಿಕಾಯ ಹಿಡಿಯಬೇಕಾದ ಜಾಗವೇ ಮುಚ್ಚಿಹೋಗುತ್ತದೆ. ಎಲೈಸಾಕ್ಕೂ ಈ ತೊಂದರೆ ಇದೆ, ಕಾರ್ಡಿಗೆ ಹೆಚ್ಚು. ಕೆಟ್ಟದ್ದೇನೆಂದರೆ ಡೆಂಗಿ ವಿಕೋಪಕ್ಕೆ ಹೋಗುವ ಅಪಾಯ ಹೆಚ್ಚಿರುವುದೂ ಎರಡನೆಯ ಸಲವೇ. ಪಿಕೋಗ್ರಾಂ ಅಂಕಿಗೆ ಕೊನೆಯ ಸ್ಥಾನ ಕೊಟ್ಟದ್ದು ಇದಕ್ಕೇ. ಎನ್‌ಎಸ್‌1 ರಕ್ತದಲ್ಲಿ ಮಿಲಿಲೀಟರಿಗೆ ಮೈಕ್ರೋಗ್ರಾಂ ಮಟ್ಟಕ್ಕೂ ಏರುತ್ತದೆ, ಆಗ ಸಾಧಾರಣ ಕಾರ್ಡೂ ಹಿಡಿಯುತ್ತದೆ. ಅದು ಐಜಿಜಿಯ ಮರೆಯಲ್ಲಿ ಅಡಗಿದಾಗ ಸಾವಿರ ಪಟ್ಟು ಸೂಕ್ಷ್ಮವಾದ ಸೆನ್ಸರೂ ಒದ್ದಾಡುತ್ತದೆ. ಆಗ ಬೇಕಾಗುವುದು ಜೊತೆಯಲ್ಲಿ ಇನ್ನೊಂದು ಪರೀಕ್ಷೆ.

ಇನ್ನೊಂದು ನಡುದಾರಿ ಇದೆ: ಅದೇ ಪಟ್ಟಿ, ಚಿನ್ನದ ಬದಲು ಹೊಳೆಯುವ ಬಣ್ಣ, ಕಣ್ಣಿನ ಬದಲು ಮೇಜಿನ ಮೇಲಿನ ಪುಟ್ಟ ರೀಡರ್. ಮಸುಕು ಗೆರೆ ಇದೆಯೋ ಇಲ್ಲವೋ ಎಂದು ಇಬ್ಬರು ಟೆಕ್ನೀಷಿಯನ್ನರು ಜಗಳವಾಡುವುದು ತಪ್ಪುತ್ತದೆ. ಆದರೆ ರೀಡರ್ ಕೊಂಡ ಕಂಪನಿಯ ಪಟ್ಟಿಯನ್ನೇ ಜನ್ಮವಿಡೀ ಕೊಳ್ಳಬೇಕು. ಪಟ್ಟಿಯ ಬೆಲೆ ಗೊತ್ತಾಗುವ ಮೊದಲು "ರೀಡರ್ ಉಚಿತ" ಎಂಬ ಮಾತಿಗೆ ತಲೆಯಾಡಿಸಬೇಡಿ.

ಎಲೈಸಾ: ಹಳೆಯ ಎತ್ತು, ಈಗಲೂ ಅದೇ ಎಳೆಯುವುದು

1971ರಲ್ಲಿ ಸ್ವೀಡನ್ನಿನಲ್ಲಿ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಪ್ರಕಟಿಸಿದ ವಿಧಾನ ಇದು. 96 ಗುಂಡಿಗಳ ಪ್ಲಾಸ್ಟಿಕ್ ಪ್ಲೇಟು, ಪ್ರತಿ ಗುಂಡಿಯ ತಳಕ್ಕೆ ಅಂಟಿದ ಪ್ರತಿಕಾಯ, ಸೀರಂ, ತೊಳೆತ, ಕಿಣ್ವ ಕಟ್ಟಿದ ಎರಡನೆಯ ಪ್ರತಿಕಾಯ, ಮತ್ತೆ ತೊಳೆತ, ಬಣ್ಣದ ದ್ರವ. ಪಾಸಿಟಿವ್ ಗುಂಡಿ ನೀಲಿಗೆ ತಿರುಗುತ್ತದೆ, ಆಮ್ಲ ಹಾಕಿದಾಗ ಹಳದಿ. ರೀಡರ್ 450 ನ್ಯಾನೊಮೀಟರಿನಲ್ಲಿ ಆ ಹಳದಿಯನ್ನು ಅಳೆದು ಅಂಕಿ ಕೊಡುತ್ತದೆ. ಗುಂಡಿಯ ಖಾಲಿ ಜಾಗಕ್ಕೆ ಸೀರಂನ ಬೇರೆ ಪ್ರೋಟೀನುಗಳು ಮೆತ್ತಿಕೊಳ್ಳದಂತೆ ಮೊದಲೇ ಆಲ್ಬುಮಿನ್ ಥರದ ಪ್ರೋಟೀನು ಹಾಕಿ ಮುಚ್ಚಿರುತ್ತಾರೆ. ದೋಸೆ ಹಂಚಿಗೆ ಎಣ್ಣೆ ಸವರಿದ ಹಾಗೆ. ಈ ಕೆಲಸ ಕೆಟ್ಟರೆ ಎಲ್ಲ ಗುಂಡಿಯೂ ಹಳದಿ.

ಡೆಂಗಿ ದೃಢಪಡಿಸಲು ರಾಷ್ಟ್ರೀಯ ಕಾರ್ಯಕ್ರಮ ಒಪ್ಪುವುದು ಎಲೈಸಾವನ್ನೇ: ಮೊದಲ ಐದು ದಿನ ಎನ್‌ಎಸ್‌1, ಆಮೇಲೆ ಐಜಿಎಂ. ಕಾರ್ಡಿನ ಪಾಸಿಟಿವ್ ಅನ್ನು ಸಂಭಾವ್ಯ ಎಂದಷ್ಟೇ ಹಿಡಿಯುತ್ತಾರೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ತಯಾರಿಸುವ ಐಜಿಎಂ ಕಿಟ್ ಸೆಂಟಿನೆಲ್ (ರೋಗದ ಮೇಲೆ ಕಣ್ಣಿಡಲು ಆರಿಸಿದ) ಆಸ್ಪತ್ರೆಗಳಿಗೆ ಹೋಗುತ್ತದೆ, ಅಲ್ಲಿ ರೋಗಿಗೆ ಪರೀಕ್ಷೆ ಉಚಿತ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ಮೇಲಂತೂ ಲೆಕ್ಕಕ್ಕೆ ಸಿಗುವ ವರದಿ ಮುಖ್ಯ.

ಹಾಗಾದರೆ ಎಲ್ಲರೂ ಎಲೈಸಾ ಇಟ್ಟುಕೊಳ್ಳಬಾರದೇಕೆ? ಗುಂಡಿಗಳ ಲೆಕ್ಕದಿಂದ. ಪ್ರತಿ ಸಲ ಓಡಿಸುವಾಗಲೂ ಪಾಸಿಟಿವ್, ನೆಗೆಟಿವ್, ಕಟ್-ಆಫ್ ಕಂಟ್ರೋಲುಗಳಿಗೆ (ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್ಲುಗಳಿಗೆ) ನಾಲ್ಕೈದು ಗುಂಡಿ ಹೋಗುತ್ತವೆ. ದಿನಕ್ಕೆ ನಲವತ್ತು ಸ್ಯಾಂಪಲ್ ಬಂದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕು ಬಂದರೆ ಕಿಟ್ಟಿನ ಅರ್ಧ ಕಂಟ್ರೋಲಿಗೇ ಖರ್ಚು. ಆದ್ದರಿಂದ ಸಣ್ಣ ಲ್ಯಾಬಿನವರು ಸ್ಯಾಂಪಲ್ ಕೂಡಿಸಿಟ್ಟು ನಾಳೆ, ನಾಡಿದ್ದು ಓಡಿಸುತ್ತಾರೆ. ಪರೀಕ್ಷೆ ಎರಡು-ಮೂರು ಗಂಟೆಯದ್ದಾದರೂ ರೋಗಿಗೆ ವರದಿ ಸಿಗುವುದು ಎರಡು ದಿನ ಬಿಟ್ಟು. ಜ್ವರದ ನಾಲ್ಕನೆಯ ದಿನ ಕೊಟ್ಟ ರಕ್ತದ ಉತ್ತರ ಆರನೆಯ ದಿನ ಬಂದರೆ ವೈದ್ಯರು ಅಷ್ಟೊತ್ತಿಗೆ ಪ್ಲೇಟ್‌ಲೆಟ್ ಮತ್ತು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ನೋಡಿಕೊಂಡು ಚಿಕಿತ್ಸೆ ನಡೆಸಿಯೇ ಇರುತ್ತಾರೆ. ಜೊತೆಗೆ ರೀಡರ್, ವಾಷರ್, ಇನ್‌ಕ್ಯುಬೇಟರ್, ಒಳ್ಳೆಯ ಪಿಪೆಟ್, ನಿಲ್ಲದ ಕರೆಂಟು, ಫ್ರಿಜ್ಜು, ಮತ್ತು ತೊಳೆತದಲ್ಲಿ ಅವಸರ ಮಾಡದ ಮನುಷ್ಯ. ಕೊನೆಯದು ಸಿಗುವುದೇ ಕಷ್ಟ.

ಐಜಿಎಂ, ಐಜಿಜಿ ಓದುವಾಗ ಇನ್ನೊಂದು ಎಚ್ಚರ. ಡೆಂಗಿ, ಜಪಾನೀಸ್ ಎನ್ಸೆಫಲೈಟಿಸ್ (ಮಿದುಳು ಜ್ವರ), ಝಿಕಾ, ಮಂಗನ ಕಾಯಿಲೆ ಎಲ್ಲವೂ ಒಂದೇ ವಂಶದ ವೈರಸ್‌ಗಳು. ಒಂದಕ್ಕೆ ಹುಟ್ಟಿದ ಪ್ರತಿಕಾಯ ಇನ್ನೊಂದಕ್ಕೂ ಅಷ್ಟಿಷ್ಟು ಅಂಟುತ್ತದೆ, ಐಜಿಜಿಯಲ್ಲಿ ಈ ಗೊಂದಲ ಹೆಚ್ಚು. ಮಿದುಳು ಜ್ವರದ ಲಸಿಕೆ ಹಾಕಿಸಿಕೊಂಡ ಬಳ್ಳಾರಿ, ಕೋಲಾರ ಕಡೆಯವರ ಐಜಿಜಿ ಪಾಸಿಟಿವ್ ಒಂದನ್ನೇ ಹಿಡಿದು ಡೆಂಗಿ ಎಂದು ತೀರ್ಮಾನಿಸಬಾರದು.

ಎಲೆಕ್ಟ್ರೋಡ್: ಸಕ್ಕರೆ ಮಾಪಕದ ತಮ್ಮ

ಸಕ್ಕರೆ ಕಾಯಿಲೆಯವರ ಮನೆಯಲ್ಲಿರುವ ಗ್ಲೂಕೋಮೀಟರಿನ ಮೂಲ 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮುಂದಿಟ್ಟ ಕಿಣ್ವದ ಎಲೆಕ್ಟ್ರೋಡ್. ಅದೇ ದಾರಿಯಲ್ಲಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಕಾರ್ಬನ್ ಶಾಯಿಯಿಂದ ಮುದ್ರಿಸಿದ ಎಲೆಕ್ಟ್ರೋಡಿಗೆ ಪ್ರತಿಕಾಯ ಅಂಟಿಸಿದರೆ ವೈರಸ್ ಪತ್ತೆಯ ಸೆನ್ಸರ್ ಆಗುತ್ತದೆ. ಬಣ್ಣದ ಬದಲು ಕರೆಂಟು ಅಳೆಯುತ್ತೇವೆ. ಅಂಕಿ ಬರುತ್ತದೆ, ಕಣ್ಣಿನ ಅಂದಾಜಿಲ್ಲ, ಯಂತ್ರ ಅಂಗೈಯಗಲ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿಕೊಂಡ ಪಾತ್‌ಶೋಧ್ ಕಂಪನಿ 2021ರಲ್ಲಿ ಕೋವಿಡ್‌ನ ಐಜಿಎಂ, ಐಜಿಜಿ ಪ್ರತಿಕಾಯಗಳನ್ನು ಅಳೆಯುವ ಎಲೆಕ್ಟ್ರೋಕೆಮಿಕಲ್ ಎಲೈಸಾ ತಂದಿತು. ಫರೀದಾಬಾದಿನ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಪರವಾನಗಿಯೂ ಸಿಕ್ಕಿತು. ಬೆರಳ ತುದಿಯ ರಕ್ತದಲ್ಲೂ ನಡೆಯುತ್ತದೆ, ಇದೆ-ಇಲ್ಲ ಎನ್ನುವ ಬದಲು ಎಷ್ಟಿದೆ ಎಂದು ಹೇಳುತ್ತದೆ.

ಹಾಗಿದ್ದೂ ನಮ್ಮೂರ ಲ್ಯಾಬಿನಲ್ಲಿ ಇಂಥದ್ದು ಯಾಕೆ ಕಾಣುವುದಿಲ್ಲ? ಸಕ್ಕರೆ ರಕ್ತದಲ್ಲಿ ಧಾರಾಳವಾಗಿದೆ, ಕಿಣ್ವ ಅದನ್ನು ಒಂದೇ ಹೆಜ್ಜೆಯಲ್ಲಿ ಕರೆಂಟಾಗಿಸುತ್ತದೆ. ವೈರಸ್ಸಿನ ಪ್ರೋಟೀನು ಅಪರೂಪದ್ದು, ಪ್ರತಿಕಾಯಕ್ಕೆ ಅಂಟಿದರೂ ತಾನಾಗಿ ಕರೆಂಟು ಹುಟ್ಟಿಸುವುದಿಲ್ಲ, ಮಧ್ಯದಲ್ಲಿ ತೊಳೆಯಬೇಕು, ಕಿಣ್ವ ಸೇರಿಸಬೇಕು. ಪಟ್ಟಿಯಿಂದ ಪಟ್ಟಿಗೆ ಪ್ರತಿಕಾಯ ಕೂರುವ ರೀತಿ ಬದಲಾದರೆ ಅಂಕಿಯೂ ಅಲುಗಾಡುತ್ತದೆ. ಆದ್ದರಿಂದ ಸಣ್ಣ ಲ್ಯಾಬಿನವರಿಗೆ ನನ್ನ ಸಲಹೆ: ನಿಮಗೆ ಬೇಕಾದ ವೈರಸ್ಸಿಗೇ ಪರವಾನಗಿ ಇರುವ, ಪಟ್ಟಿ ಖಾತ್ರಿಯಾಗಿ ಸಿಗುವ ಯಂತ್ರವಿದ್ದರೆ ಮಾತ್ರ ಯೋಚಿಸಿ. "ಮುಂದೆ ಡೆಂಗಿಗೂ ಬರುತ್ತೆ ಸಾರ್" ಎಂಬ ಭರವಸೆಗೆ ದುಡ್ಡು ಕಟ್ಟಬೇಡಿ.

ಗ್ರಾಫೀನ್, ಎಸ್‌ಪಿಆರ್, ಸ್ಫಟಿಕ: ಸಂಶೋಧಕರ ಅಂಗಳ

ರೋಗಿಗೆ ಇವುಗಳಿಂದ ಇವತ್ತು ನೇರ ಪ್ರಯೋಜನವಿಲ್ಲ, ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೇನೆ.

ಎಸ್‌ಪಿಆರ್ (ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್) ವಿಧಾನದಲ್ಲಿ ಸುಮಾರು 50 ನ್ಯಾನೊಮೀಟರ್ ದಪ್ಪದ ಚಿನ್ನದ ಪದರದ ಒಂದು ಬದಿಗೆ ಪ್ರತಿಕಾಯ, ಇನ್ನೊಂದು ಬದಿಯಿಂದ ಬೆಳಕು. ಏನಾದರೂ ಅಂಟಿದರೆ ಬೆಳಕು ಹೀರಲ್ಪಡುವ ಕೋನ ಸರಿಯುತ್ತದೆ. ಬಣ್ಣ ಬೇಡ, ಕಿಣ್ವ ಬೇಡ, ಅಂಟುವುದನ್ನೂ ಬಿಡುವುದನ್ನೂ ಕಣ್ಣೆದುರೇ ನೋಡಬಹುದು. 1990ರಲ್ಲಿ ಸ್ವೀಡನ್ನಿನ ಫಾರ್ಮೇಸಿಯಾ ಬಯೋಸೆನ್ಸರ್ ಕಂಪನಿ ಇದನ್ನು ಬಯಾಕೋರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ದೊಡ್ಡ ಯಂತ್ರಗಳ ಬೆಲೆ ಕೋಟಿ ದಾಟುತ್ತದೆ. ರೋಗ ಪತ್ತೆಗಿಂತ, ಹತ್ತು ಪ್ರತಿಕಾಯಗಳಲ್ಲಿ ಯಾವುದು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಆರಿಸಲು ಇದಕ್ಕೆ ಸಾಟಿಯಿಲ್ಲ. ಒಳ್ಳೆಯ ಕಾರ್ಡ್ ತಯಾರಾಗುವ ಮೊದಲು ಅದರ ಪ್ರತಿಕಾಯ ಎಷ್ಟೋ ಸಲ ಇಂಥ ಯಂತ್ರದಲ್ಲಿ ಪಾಸಾಗಿರುತ್ತದೆ. ಕ್ವಾರ್ಟ್ಸ್ ಸ್ಫಟಿಕದ ತೂಕದ ಸೆನ್ಸರ್ ಅಗ್ಗ, ಆದರೆ ಸೀರಂನಂಥ ಮಂದ ದ್ರವದಲ್ಲಿ ತಾಳ್ಮೆ ಪರೀಕ್ಷಿಸುತ್ತದೆ.

ಗ್ರಾಫೀನ್ ಟ್ರಾನ್ಸಿಸ್ಟರಿನ ಕಥೆ ಬೇರೆ. 2020ರಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ಗ್ರಾಫೀನಿನ ಮೇಲೆ ಕೊರೋನಾ ಸ್ಪೈಕ್ ಪ್ರೋಟೀನಿನ ಪ್ರತಿಕಾಯ ಕೂರಿಸಿ, ಮಿಲಿಲೀಟರಿಗೆ 1 ಫೆಮ್ಟೋಗ್ರಾಂ (ಪಿಕೋಗ್ರಾಂನ ಸಾವಿರದಲ್ಲೊಂದು ಪಾಲು) ಹಿಡಿದೆವೆಂದು ವರದಿ ಮಾಡಿತು. ಪತ್ರಿಕೆಗಳಲ್ಲಿ ಬಂದದ್ದು ಈ ಅಂಕಿ. ಅದೇ ವರದಿಯಲ್ಲಿ ಗಂಟಲ ದ್ರವ ಸಾಗಿಸುವ ಮಾಧ್ಯಮದಲ್ಲಿ ಸಿಕ್ಕ ಮಿತಿ 100 ಫೆಮ್ಟೋಗ್ರಾಂ. ಶುದ್ಧ ಬಫರಿನಿಂದ ನಿಜವಾದ ಮಾಧ್ಯಮಕ್ಕೆ ಬರುವಷ್ಟರಲ್ಲಿ ನೂರು ಪಟ್ಟು ಜಾರಿತು, ಅದೂ ರಕ್ತಕ್ಕಿಂತ ಸರಳವಾದ ದ್ರವದಲ್ಲಿ. ರಕ್ತದಲ್ಲಿರುವಷ್ಟು ಉಪ್ಪಿನಂಶದಲ್ಲಿ ವಿದ್ಯುತ್ ಪ್ರಭಾವ ಮೇಲ್ಮೈಯಿಂದ ಒಂದು ನ್ಯಾನೊಮೀಟರಿಗೂ ಕಡಿಮೆ ದೂರದಲ್ಲೇ ಅಡಗಿಹೋಗುತ್ತದೆ. ಪ್ರತಿಕಾಯದ ಎತ್ತರವೇ ಹತ್ತು ನ್ಯಾನೊಮೀಟರಿನಷ್ಟು. ಅದರ ತುದಿಯಲ್ಲಿ ವೈರಸ್ ಬಂದು ಕೂತರೂ ಟ್ರಾನ್ಸಿಸ್ಟರಿಗೆ ಸುದ್ದಿ ಮುಟ್ಟುವುದು ಕಷ್ಟ. ದ್ರವವನ್ನು ತೆಳು ಮಾಡಬಹುದು, ಇಲ್ಲವೇ ಒಂಟೆಯ ರಕ್ತದಲ್ಲಿ ಸಿಗುವ ಪುಟ್ಟ ಪ್ರತಿಕಾಯದ ತುಂಡು ಬಳಸಬಹುದು. 1993ರಲ್ಲಿ ಬೆಲ್ಜಿಯಂನವರು ಗುರುತಿಸಿದ ಆ ಜಾತಿಯಿಂದ ಬರುವ ನ್ಯಾನೊಬಾಡಿ ಸಾಮಾನ್ಯ ಪ್ರತಿಕಾಯದ ಹತ್ತನೇ ಒಂದು ಪಾಲಿನಷ್ಟು ತೂಕದ್ದು.

ಮಂಗನ ಕಾಯಿಲೆ, ನಿಫಾ: ಇಲ್ಲಿ ಕಾರ್ಡ್ ಮುಂದೆ ನಿಲ್ಲಬಾರದು

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ವೈರಸ್ಸು ಇವತ್ತಿಗೂ ಚಳಿಗಾಲದಿಂದ ಬೇಸಿಗೆಯವರೆಗೆ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಉಣುಗು ಕಚ್ಚಿ ಬರುವ ಈ ಜ್ವರದಲ್ಲಿ ಮೊದಲ ದಿನಗಳ ಪರೀಕ್ಷೆ ಆರ್‌ಟಿ-ಪಿಸಿಆರ್, ಅಂದರೆ ವೈರಸ್ಸಿನ ಆರ್‌ಎನ್‌ಎ ಹುಡುಕುವುದು. ಐಜಿಎಂ ಎಲೈಸಾ ಜ್ವರ ಹಳತಾದ ಮೇಲೆ ಜೊತೆಗೂಡುತ್ತದೆ. ಪಿಎಚ್‌ಸಿಯಲ್ಲಿ ಮಾಡಬೇಕಾದ್ದು ರಕ್ತ ತೆಗೆದು, ತಂಪು ಕೆಡದಂತೆ ಶಿವಮೊಗ್ಗದ ಪ್ರಯೋಗಾಲಯಕ್ಕೆ ತಡಮಾಡದೆ ಕಳಿಸುವುದು. ಇಲ್ಲಿ ದುಡ್ಡು ಸುರಿಯುವುದಿದ್ದರೆ ಸ್ಯಾಂಪಲ್ ಸಾಗಿಸುವ ಐಸ್ ಬಾಕ್ಸು ಮತ್ತು ಜೀಪಿಗೆ ಸುರಿಯಿರಿ. ಫೆಬ್ರವರಿಯಲ್ಲಿ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದು ಡೆಂಗಿ ಕಾರ್ಡ್ ನೆಗೆಟಿವ್ ಆದರೆ ಸಮಾಧಾನ ಪಡುವ ಕಾರಣವೇ ಇಲ್ಲ.

2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಿಂದ ಬಂದ ಸ್ಯಾಂಪಲ್‌ಗಳಲ್ಲಿ ನಿಫಾ ಇದೆಯೆಂದು ಮೊದಲು ಹಿಡಿದದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಅಲ್ಲೂ ದಾರಿ ಪಿಸಿಆರ್‌ನದ್ದೇ. ಸಾಯಿಸುವ ವೈರಸ್ಸಿನಲ್ಲಿ ಒಬ್ಬ ಸೋಂಕಿತ ತಪ್ಪಿಸಿಕೊಂಡರೂ ವಾರ್ಡೇ ಹೊತ್ತಿಕೊಳ್ಳುತ್ತದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್‌ನಂಥ ಬ್ಯಾಟರಿಯ ಪಿಸಿಆರ್ ಯಂತ್ರಗಳು ಬಂದ ಮೇಲೆ "ಹಳ್ಳಿಗೆ ಕಾರ್ಡ್, ಪಟ್ಟಣಕ್ಕೆ ಪಿಸಿಆರ್" ಎಂಬ ಹಳೆಯ ವಿಂಗಡಣೆಯೂ ಸಡಿಲಾಗಿದೆ.

ಆದರೂ ಪ್ರತಿಕಾಯದ ಪಟ್ಟಿಗೆ ಅಪಾಯದ ವೈರಸ್ಸಿನಲ್ಲೂ ಒಂದು ಜಾಗವಿದೆ. ಎಬೋಲಾಕ್ಕೆಂದು 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಓರಾಕ್ವಿಕ್ ಪಟ್ಟಿಯನ್ನು ಜೀವಂತ ರೋಗಿಯ ರಕ್ತಕ್ಕೂ, ಆಗತಾನೇ ತೀರಿಕೊಂಡವರ ಬಾಯಿಯ ದ್ರವಕ್ಕೂ ಬಳಸಬಹುದು. ಫಲಿತಾಂಶವನ್ನು ಊಹೆಯೆಂದಷ್ಟೇ ಹಿಡಿಯಬೇಕು, ಖಚಿತಕ್ಕೆ ಬೇರೆ ಪರೀಕ್ಷೆ. ಶವಸಂಸ್ಕಾರಕ್ಕೆ ಮುಟ್ಟುವ ಕೈಗಳನ್ನು ತಡೆಯಬೇಕೇ ಎಂದು ಅರ್ಧ ಗಂಟೆಯಲ್ಲಿ ನಿರ್ಧರಿಸಬೇಕಾದಾಗ ಊಹೆಗೂ ಬೆಲೆ ಇದೆ.

ಹಾಗಾದರೆ ನಿಮಗೆ?

ಮನೆಯವರಿಗೆ: ಮೊದಲ ಐದು ದಿನದೊಳಗಾದರೆ ಎನ್‌ಎಸ್‌1, ಸಾಧ್ಯವಾದರೆ ಎಲೈಸಾ. ವರದಿ ಅದೇ ದಿನ ಸಿಗದೆಂದರೆ ಕಾರ್ಡ್ ಮಾಡಿಸಿ. ಪಾಸಿಟಿವ್ ಆದರೆ ಡೆಂಗಿಯೆಂದೇ ನಡೆದುಕೊಳ್ಳಿ, ನೆಗೆಟಿವ್ ಆದರೆ ಅಷ್ಟಕ್ಕೇ ಬಿಡಬೇಡಿ. ಐದು ದಿನ ದಾಟಿದ್ದರೆ ಐಜಿಎಂ ಎಲೈಸಾ. ಯಾವ ಪರೀಕ್ಷೆಯೂ ಔಷಧಿ ಬದಲಿಸುವುದಿಲ್ಲ, ಡೆಂಗಿಯ ವೈರಸ್ಸಿಗೆ ನೇರ ಮದ್ದಿಲ್ಲ. ಜ್ವರ ಇಳಿಯುವ ಹೊತ್ತಿನಲ್ಲಿ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನ ರಕ್ತ, ಮಂಕು ಕಂಡರೆ ವರದಿಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ.

ಸಣ್ಣ ಲ್ಯಾಬಿನವರಿಗೆ: ಕಳೆದ ಮಳೆಗಾಲದ ರಿಜಿಸ್ಟರ್ ತೆಗೆದು ದಿನಕ್ಕೆ ಸರಾಸರಿ ಎಷ್ಟು ಡೆಂಗಿ ಸ್ಯಾಂಪಲ್ ಬಂದಿತ್ತು ನೋಡಿ. ಹತ್ತಕ್ಕಿಂತ ಕಡಿಮೆಯಾದರೆ ಕಾರ್ಡ್ ಇಟ್ಟುಕೊಂಡು, ಎಲೈಸಾಕ್ಕೆ ಜಿಲ್ಲಾ ಕೇಂದ್ರದ ಲ್ಯಾಬಿನೊಂದಿಗೆ ದಿನಾ ಸಂಜೆ ಸ್ಯಾಂಪಲ್ ಒಯ್ಯುವ ಒಪ್ಪಂದ ಮಾಡಿಕೊಳ್ಳುವುದೇ ಲೇಸು. ಇಪ್ಪತ್ತು-ಮೂವತ್ತು ದಾಟಿದರೆ ರೀಡರ್ ತನ್ನ ಸಾಲ ತಾನೇ ತೀರಿಸುತ್ತದೆ, ಮಳೆಗಾಲ ಮುಗಿದ ಮೇಲೆ ಹೆಪಟೈಟಿಸ್, ಥೈರಾಯ್ಡ್ ಎಲೈಸಾಗಳಿಗೂ ಅದೇ ಯಂತ್ರ. ಕಾರ್ಡ್ ಕೊಳ್ಳುವಾಗ ಡಬ್ಬಿಯ ಮೇಲೆ 2ರಿಂದ 30 ಡಿಗ್ರಿ ಎಂದಿದ್ದರೆ, ಏಪ್ರಿಲ್‌ನಲ್ಲಿ ಕೊರಿಯರ್ ಗೋದಾಮಿನಲ್ಲಿ ಅದು ಎಷ್ಟು ದಿನ ಬೆಂದಿತ್ತು ಎಂದು ಕೇಳಿ. ರಾಯಚೂರು, ಕಲಬುರಗಿ ಕಡೆಯವರು ಇದನ್ನು ಕೇಳಲೇಬೇಕು.

ವಿದ್ಯಾರ್ಥಿಗಳಿಗೆ: ಕೈಯಲ್ಲಿ ಆರು ತಿಂಗಳಿದ್ದರೆ ಕಾರ್ಬನ್ ಎಲೆಕ್ಟ್ರೋಡ್ ಹಿಡಿಯಿರಿ. ಅಳೆಯುವ ಪೊಟೆನ್ಶಿಯೋಸ್ಟಾಟನ್ನು ಸ್ವಂತ ಕಟ್ಟಿಕೊಳ್ಳುವ ಮುಕ್ತ ವಿನ್ಯಾಸಗಳು ಸಿಗುತ್ತವೆ. ಖರ್ಚೆಲ್ಲ ಪ್ರತಿಕಾಯದ್ದು, ಸಣ್ಣ ಸೀಸೆಗೇ ಹತ್ತಾರು ಸಾವಿರ, ಒಂದೇ ಪ್ರೋಟೀನಿನ ಬೇರೆ ಬೇರೆ ಜಾಗ ಹಿಡಿಯುವ ಎರಡು ಬೇಕು. ಜೀವಂತ ವೈರಸ್ ಮುಟ್ಟುವ ಅಗತ್ಯವಿಲ್ಲ, ಲ್ಯಾಬಿನಲ್ಲಿ ತಯಾರಾದ ಎನ್‌ಎಸ್‌1 ಪ್ರೋಟೀನು ಕೊಳ್ಳಬಹುದು. ರೋಗಿಗಳ ಸೀರಂ ಬೇಕಾದರೆ ನೈತಿಕ ಸಮಿತಿಯ ಅನುಮತಿಗೆ ಮೊದಲ ತಿಂಗಳೇ ಅರ್ಜಿ ಹಾಕಿ. ಗ್ರಾಫೀನ್ ಮೇಲೆ ಆಸೆಯಿದ್ದರೆ, ಮಾರ್ಗದರ್ಶಕರ ಲ್ಯಾಬಿನಲ್ಲಿ ಅದು ಈಗಾಗಲೇ ನಡೆಯುತ್ತಿದ್ದರೆ ಮಾತ್ರ ಕೈಹಾಕಿ. ಯಾವುದು ಹಿಡಿದರೂ ಬಫರಿನ ಗ್ರಾಫಿನ ಪಕ್ಕದಲ್ಲಿ ಸೀರಂನ ಗ್ರಾಫ್ ಇಡಿ, ವೈವಾದಲ್ಲಿ ಮೊದಲು ಕೇಳುವುದು ಅದನ್ನೇ.